ಕೆಳಗೆ ಸಹಿ ಯಾರದು, ಮೊದಲು ಅದನ್ನು ನೋಡಿ

ಬಾಗಲಕೋಟೆಯ ನವನಗರದಲ್ಲಿ ನನ್ನದೊಂದು ಝೆರಾಕ್ಸ್ ಅಂಗಡಿ ಇದೆ. ಪಹಣಿ, ಸ್ಕಾಲರ್‌ಶಿಪ್ ಅರ್ಜಿ, ಪಾಸ್‌ಪೋರ್ಟ್ ಅಪಾಯಿಂಟ್‌ಮೆಂಟ್, ಎಲ್ಲ ಮಾಡಿಕೊಡುತ್ತೇನೆ. ವಿದ್ಯಾಗಿರಿ ಕಡೆಯ ಇಂಜಿನಿಯರಿಂಗ್ ಹುಡುಗರು ಅಮೆರಿಕ ವೀಸಾದ ಡಿಎಸ್-160 ಫಾರ್ಮ್ ತುಂಬಿಸಲಿಕ್ಕೂ ಬರುತ್ತಾರೆ. ನಾನು ವಕೀಲ ಅಲ್ಲ, ಮೊದಲೇ ಹೇಳಿಬಿಡುತ್ತೇನೆ.

ಒಂದು ರಾತ್ರಿ ಹತ್ತೂವರೆಗೆ ಅಕ್ಕನ ಮಗಳು ಅಮೆರಿಕದಿಂದ ಫೋನ್ ಮಾಡಿದಳು. "ಮಾಮಾ, ನನ್ನ ಅಕೌಂಟಿನ ಮಾಹಿತಿ ಸರ್ಕಾರದವರು ಕೇಳ್ಯಾರಂತ ಮೇಲ್ ಬಂದೈತಿ. ಏನ್ ಮಾಡ್ಲಿ?" ದನಿ ನಡುಗುತ್ತಿತ್ತು. "ಏನೂ ಒತ್ತಬ್ಯಾಡವ್ವಾ, ಮೊದಲು ಅದರ ಫೋಟೋ ಕಳಿಸು" ಅಂದೆ. ನೋಡಿದರೆ ಅದು ಕಳ್ಳ ಮೇಲ್. ಕೆಳಗೊಂದು ಲಿಂಕ್, ಒತ್ತಿದರೆ ಪಾಸ್‌ವರ್ಡ್ ಕೇಳುತ್ತಿತ್ತು. ಆ ರಾತ್ರಿ ಅವಳು ನಿದ್ದೆ ಮಾಡಿದಳು, ನನಗೆ ಬರಲಿಲ್ಲ. ಅಮೆರಿಕ ಸರ್ಕಾರ ನಿಜವಾಗಿಯೂ ಗೂಗಲ್, ಫೇಸ್‌ಬುಕ್‌ನಂಥ ಕಂಪನಿಗೆ ಕಾಗದ ಬರೆದು ಅವಳ ಅಕೌಂಟಿನ ಮಾಹಿತಿ ಕೇಳಿದರೆ ಏನು ಮಾಡುವುದು? ಅಲ್ಲಿಂದ ಓದಲು ಕೂತೆ. ನನಗೆ ತಿಳಿದದ್ದನ್ನು, ಮಕ್ಕಳು ಆ ಕಡೆ ಇರುವ ನಮ್ಮೂರಿನವರಿಗಾಗಿ ಬರೆದಿದ್ದೇನೆ.

ಆಲಮಟ್ಟಿ ಹಿನ್ನೀರಿಗೆ ಹಳೇ ಊರು ಮುಳುಗುವ ಕಾಲದಲ್ಲಿ ಮನೆಮನೆಗೆ ನೋಟಿಸ್ ಬರುತ್ತಿತ್ತು. ನಮ್ಮಪ್ಪ ಕಾಗದ ಕೈಗೆ ಬಂದ ಕೂಡಲೇ ಮೇಲಿಂದ ಓದುತ್ತಿರಲಿಲ್ಲ. ಕೊನೇ ಪುಟ ತಿರುವಿ ಸಹಿ ಯಾರದು ಅಂತ ನೋಡುತ್ತಿದ್ದರು. ಆಫೀಸಿನವರದಾದರೆ ಒಂದು ದಾರಿ, ಕೋರ್ಟಿನದಾದರೆ ಬೇರೆ ದಾರಿ. ಅಮೆರಿಕದ ಈ ಕಾಗದಕ್ಕೂ ಅದೇ ಲೆಕ್ಕ.

ಅದಕ್ಕೆ ಅಡ್ಮಿನಿಸ್ಟ್ರೇಟಿವ್ ಸಪೀನಾ ಅನ್ನುತ್ತಾರೆ. (ಸ್ಪೆಲ್ಲಿಂಗಿನಲ್ಲಿ ಬಿ ಇದೆ, ಬಾಯಲ್ಲಿ ಬರುವುದಿಲ್ಲ. ನಾನು ತಿಂಗಳುಗಟ್ಟಲೆ ಸಬ್‌ಪೋನಾ ಅಂದೆ, ಯಾರೂ ತಿದ್ದಲಿಲ್ಲ.) ವಲಸೆ ವಿಷಯ ನೋಡುವ ಹೋಮ್‌ಲ್ಯಾಂಡ್ ಸೆಕ್ಯುರಿಟಿ ಇಲಾಖೆಯ ಅಧಿಕಾರಿಯೇ ಇದಕ್ಕೆ ಸಹಿ ಹಾಕಿ ಕಂಪನಿಗೆ ಕಳಿಸುತ್ತಾನೆ. ಈ ಅಕೌಂಟ್ ಯಾರದು, ನಂಬರ್ ಏನು, ಎಲ್ಲಿಂದ ಲಾಗಿನ್ ಆಗಿದ್ದಾರೆ, ಕೊಡಿ ಅಂತ. ನ್ಯಾಯಾಧೀಶರು ಅದನ್ನು ನೋಡಿರುವುದೇ ಇಲ್ಲ. ಹಾಗಾಗಿ ಕಂಪನಿ ಕೊಡುವುದಿಲ್ಲ ಅಂದರೆ ಅಲ್ಲಿಗಲ್ಲಿಗೇ ದಂಡ ಹಾಕಲು ಇಲಾಖೆಗೆ ಬರುವುದಿಲ್ಲ. ಅವರೇ ಫೆಡರಲ್ ಕೋರ್ಟಿಗೆ ಹೋಗಿ ಆದೇಶ ತರಬೇಕು. ನಮ್ಮಲ್ಲೂ ಇಂಥದ್ದು ಇದೆ. ಹಳೇ ಸಿಆರ್‌ಪಿಸಿ ಬದಲಿಗೆ ಬಂದ ಬಿಎನ್‌ಎಸ್‌ಎಸ್ ಕಾನೂನಿನ 94ನೇ ಕಲಂ ಪ್ರಕಾರ ಪೊಲೀಸ್ ಠಾಣೆಯ ಅಧಿಕಾರಿಯೇ ದಾಖಲೆ ಕೇಳಿ ಬರೆಯಬಹುದು.

2017ರಲ್ಲಿ ನಡೆದದ್ದು ಕೇಳಿ. ಸರ್ಕಾರವನ್ನು ಟೀಕಿಸುತ್ತಿದ್ದ ಒಂದು ಟ್ವಿಟರ್ ಅಕೌಂಟಿನ ಹಿಂದೆ ಯಾರಿದ್ದಾರೆ ಅಂತ ಇಲಾಖೆಯವರು ಕೇಳಿದರು. ಬಳಸಿದ್ದು ಕಸ್ಟಮ್ಸ್ ಕಾನೂನಿನ 1509ನೇ ಕಲಂ. ಅದು ಆಮದು ಸರಕಿನ ಲೆಕ್ಕಪತ್ರ ನೋಡಲಿಕ್ಕೆ ಇರುವ ಕಲಂ! ಟ್ವಿಟರ್ ಏಪ್ರಿಲ್ 6ರಂದು ಕೋರ್ಟಿಗೆ ಹೋಯಿತು. ಮರುದಿನವೇ ಇಲಾಖೆ ಆ ಕಾಗದವನ್ನು ವಾಪಸ್ ತೆಗೆದುಕೊಂಡಿತು. ತಕರಾರು ಮಾಡಿದರೆ ಹಿಂದೆ ಸರಿಯುವ ಕಾಗದವೂ ಇರುತ್ತದೆ ಅಂತ ನನಗೆ ಧೈರ್ಯ ಬಂದದ್ದು ಇದನ್ನು ಓದಿದ ಮೇಲೆ. ಆದರೆ ಎಲ್ಲ ಕಂಪನಿಯೂ ಎಲ್ಲ ಸಲವೂ ಜಗಳಕ್ಕೆ ನಿಲ್ಲುವುದಿಲ್ಲ. ಅದಕ್ಕೇ ನಮ್ಮ ಕಡೆಯ ತಯಾರಿ ಬೇಕು.

ಇಂಥ ಕಾಗದಕ್ಕೆ ಸಾಮಾನ್ಯವಾಗಿ ಸಿಗುವುದು ಅಕೌಂಟಿನ ಮೇಲ್ಪದರ. ಹೆಸರು, ಇಮೇಲ್, ಫೋನ್ ನಂಬರ್, ಲಾಗಿನ್ ಆದ ಹೊತ್ತು, ಐಪಿ ಅಡ್ರೆಸ್, ದುಡ್ಡು ಕಟ್ಟಿದ್ದರೆ ಕಾರ್ಡಿನ ವಿವರ. ಒಳಗಿನ ಮೆಸೇಜು, ಫೋಟೋ ಬೇಕು ಅಂದರೆ ದೊಡ್ಡ ಕಂಪನಿಗಳು ನ್ಯಾಯಾಧೀಶರ ವಾರಂಟ್ ಕೇಳುತ್ತವೆ. ಮೇಲ್ಪದರ ತಾನೇ ಅಂತ ಹಗುರ ಮಾಡಬೇಡಿ. ಐಪಿ ಅಡ್ರೆಸ್ ಅಂದರೆ ನವನಗರದ ಸೆಕ್ಟರ್ ನಂಬರ್, ಪ್ಲಾಟ್ ನಂಬರ್ ಇದ್ದ ಹಾಗೆ. ಅದನ್ನು ಹಿಡಿದು ಇಂಟರ್ನೆಟ್ ಕೊಡುವ ಕಂಪನಿಯನ್ನು ಕೇಳಿದರೆ ಮನೆ ಹುಡುಕುವುದು ಎಷ್ಟೊತ್ತಿನ ಕೆಲಸ?

ಈಗ ಮಾಡಬೇಕಾದದ್ದು. ಕಂಪನಿ ಹತ್ತಿರ ಇಲ್ಲದ್ದನ್ನು ಕಂಪನಿ ಕೊಡಲು ಆಗುವುದಿಲ್ಲ. ನನ್ನ ಎಲ್ಲ ಸಲಹೆಯೂ ಇದರಿಂದಲೇ ಹುಟ್ಟಿದ್ದು.

ಮೊದಲು, ಅವರ ಹತ್ತಿರ ಏನಿದೆ ಅಂತ ನೀವೇ ತರಿಸಿ ನೋಡಿ. ಗೂಗಲ್‌ಗೆ ಟೇಕ್‌ಔಟ್ ಅನ್ನುವ ಸೌಲಭ್ಯ ಇದೆ. ಫೇಸ್‌ಬುಕ್, ಇನ್‌ಸ್ಟಾಗ್ರಾಂನಲ್ಲಿ ನಿಮ್ಮ ಮಾಹಿತಿ ಡೌನ್‌ಲೋಡ್ ಮಾಡುವ ಜಾಗ ಸೆಟ್ಟಿಂಗಿನಲ್ಲೇ ಇದೆ. ಅಕ್ಕನ ಮಗಳು ತರಿಸಿದಳು. ಹೈಸ್ಕೂಲಿನಲ್ಲಿ ಇದ್ದಾಗಿನ ಲಾಗಿನ್, ಎಂದೋ ಕೊಟ್ಟ ಕಾಂಟ್ಯಾಕ್ಟ್ ಪಟ್ಟಿ, ಅದರಲ್ಲಿ ನಮ್ಮ ಹಾಲಿನವನ ನಂಬರೂ ಇತ್ತು. ಕಾಂಟ್ಯಾಕ್ಟ್ ಅಪ್‌ಲೋಡ್ ಆಫ್ ಮಾಡಿ, ಹಳೆಯದನ್ನು ಅಳಿಸಿ. ಗೂಗಲ್‌ನಲ್ಲಿ ವೆಬ್ ಮತ್ತು ಆ್ಯಪ್ ಚಟುವಟಿಕೆಗೆ ಆಟೋ ಡಿಲೀಟ್ ಇದೆ: 3, 18 ಅಥವಾ 36 ತಿಂಗಳು. 3 ಹಾಕಿ. ಬೇಡದ ಅಕೌಂಟನ್ನು ಪೂರ್ತಿ ತೆಗೆಯಿರಿ, ಸುಮ್ನೆ ಆ್ಯಪ್ ತೆಗೆದರೆ ಅಕೌಂಟ್ ಹೋಗುವುದಿಲ್ಲ.

ಮನೆಯಲ್ಲಿ ಮಾತಾಡಲು ವಾಟ್ಸ್ಆ್ಯಪ್ ಇರಲಿ. ಆದರೆ ಬ್ಯಾಕಪ್‌ಗೆ ಎಂಡ್-ಟು-ಎಂಡ್ ಎನ್‌ಕ್ರಿಪ್ಷನ್, ಅಂದರೆ ಕಂಪನಿಗೂ ತೆರೆಯಲು ಆಗದ ಬೀಗ, ಆನ್ ಮಾಡಿ. ಅದು ತಾನಾಗಿ ಆನ್ ಆಗಿರುವುದಿಲ್ಲ, ಆಗಿರುತ್ತದೆ ಅಂತ ತಪ್ಪು ತಿಳಿದವರೇ ಜಾಸ್ತಿ. ಗುಟ್ಟಿನ ಮಾತಿಗೆ ನಾನು ಸಿಗ್ನಲ್ ಅನ್ನುವ ಮೆಸೇಜ್ ಆ್ಯಪ್ ಹೇಳುತ್ತೇನೆ. 2016ರಲ್ಲಿ ಒಂದು ಗ್ರ್ಯಾಂಡ್ ಜ್ಯೂರಿ (ಆರೋಪ ಹೊರಿಸಬೇಕೋ ಬೇಡವೋ ಅಂತ ನೋಡುವ ಜನರ ಮಂಡಳಿ) ಸಪೀನಾ ಬಂದಾಗ ಅವರು ಕೊಡಲು ಆದದ್ದು ಎರಡೇ: ಅಕೌಂಟ್ ಶುರುವಾದ ಹೊತ್ತು, ಕೊನೆಗೆ ಸರ್ವರ್‌ಗೆ ಸೇರಿದ ದಿನ. ಬೇರೇನೂ ಅವರ ಬಳಿ ಇರಲಿಲ್ಲ. ಟೆಲಿಗ್ರಾಂ ಅಷ್ಟೇ ಗುಟ್ಟು ಅಂತ ಹುಡುಗರು ವಾದ ಮಾಡುತ್ತಾರೆ. ಅಲ್ಲ. ಕಾನೂನಿನ ಪ್ರಕಾರ ಕೇಳಿದರೆ ಫೋನ್ ನಂಬರ್, ಐಪಿ ಕೊಡುತ್ತೇವೆ ಅಂತ 2024ರಲ್ಲಿ ಅವರೇ ಹೇಳಿದ್ದಾರೆ. ಐಪಿ ಅಡ್ರೆಸ್ ಮರೆಮಾಡುವ ವಿಪಿಎನ್ ಬಗ್ಗೆಯೂ ಒಂದು ಮಾತು. ಸ್ವಂತ ನಂಬರಿನಿಂದ ಅಕೌಂಟ್ ತೆರೆದು ಮೇಲೆ ವಿಪಿಎನ್ ಹಾಕಿದರೆ, ಮುಖಕ್ಕೆ ಟವೆಲ್ ಸುತ್ತಿಕೊಂಡು ಸ್ವಂತ ಬೈಕಿನಲ್ಲಿ ಓಡಾಡಿದ ಹಾಗೆ.

ವೀಸಾ ಫಾರ್ಮಿನಲ್ಲಿ ಮಾತ್ರ ಆಟ ಆಡಬೇಡಿ. 2019ರಿಂದ ಡಿಎಸ್-160ರಲ್ಲಿ ಕಳೆದ ಐದು ವರ್ಷ ಬಳಸಿದ ಸೋಷಿಯಲ್ ಮೀಡಿಯಾ ಹೆಸರುಗಳನ್ನು ಕೇಳುತ್ತಾರೆ. ಅಡ್ಡಹೆಸರಿನ ಅಕೌಂಟ್ ಇದ್ದರೆ ಅದನ್ನೂ ಬರೆಯಬೇಕು. 2025ರ ಜೂನ್‌ನಿಂದ ವಿದ್ಯಾರ್ಥಿ ವೀಸಾದವರು ಅಕೌಂಟನ್ನು ಪಬ್ಲಿಕ್ ಮಾಡಬೇಕು ಅಂತ ಹೇಳಿದ್ದಾರೆ, ಡಿಸೆಂಬರ್ 15ರಿಂದ ಕೆಲಸದ ವೀಸಾ ಎಚ್-1ಬಿ, ಅವರ ಮನೆಯವರ ವೀಸಾ ಎಚ್-4 ಅವರಿಗೂ. "ಸರ್, ಇದನ್ನ ಬಿಟ್ಟುಬಿಡೋಣ, ಯಾರಿಗೆ ಗೊತ್ತಾಗತೈತಿ" ಅಂತ ಕೇಳಿದ ಇಬ್ಬರ ಫಾರ್ಮನ್ನು ನಾನು ತುಂಬಲಿಲ್ಲ. ಸುಳ್ಳು ಬರೆದು ಸಿಕ್ಕಿಬಿದ್ದರೆ ಯಾವ ವಕೀಲನೂ ಎತ್ತಲಾರ. ಮಾಹಿತಿ ಕಡಿಮೆ ಇಡುವುದು ಬೇರೆ, ಸುಳ್ಳು ಹೇಳುವುದು ಬೇರೆ.

ಇನ್ನು ನಿಜವಾದ ಮೇಲ್ ಬಂತು ಅಂದುಕೊಳ್ಳಿ. ನಿಮ್ಮ ಮಾಹಿತಿ ಕೇಳಿದ್ದಾರೆ ಅಂತ ಸಾಧ್ಯವಾದಾಗ ಬಳಕೆದಾರರಿಗೆ ತಿಳಿಸುವುದು ದೊಡ್ಡ ಕಂಪನಿಗಳ ನಿಯಮ. ಅದಕ್ಕೇ ಅಕೌಂಟಿನಲ್ಲಿ ಇರುವ ಇಮೇಲ್ ನೀವು ದಿನಾ ನೋಡುವಂಥದ್ದೇ ಇರಬೇಕು. ಸ್ಪ್ಯಾಮ್ ಡಬ್ಬಿಯನ್ನೂ ನೋಡಿ. ಮೇಲ್‌ನಲ್ಲಿರುವ ಲಿಂಕ್ ಒತ್ತದೆ, ಬೇರೆ ಕಡೆಯಿಂದ ಅಕೌಂಟಿಗೆ ಹೋಗಿ ಅಲ್ಲೂ ಸೂಚನೆ ಇದೆಯಾ ನೋಡಿ. ನಿಜವಾದ ಕಂಪನಿ ಪಾಸ್‌ವರ್ಡ್ ಕೇಳುವುದಿಲ್ಲ, ದುಡ್ಡಂತೂ ಕೇಳುವುದೇ ಇಲ್ಲ.

ನಿಜ ಅಂತ ಖಾತ್ರಿ ಆದರೆ ಕಾಗದದ ಪ್ರತಿ ಕಳಿಸಿ ಅಂತ ಕಂಪನಿಗೆ ಬರೆಯಿರಿ. ಪ್ರತಿ ಬಂದರೆ ನಮ್ಮಪ್ಪನ ಹಾಗೆ ಕೊನೇ ಪುಟಕ್ಕೆ ಹೋಗಿ. ಸಹಿ ನ್ಯಾಯಾಧೀಶರದೋ ಅಧಿಕಾರಿಯದೋ? ಯಾವ ಕಲಂ? ಕೊನೇ ತಾರೀಖು ಯಾವುದು? ಆ ತಾರೀಖು ಅಮೆರಿಕದ ಲೆಕ್ಕದ್ದು, ಮತ್ತು ಕೈಯಲ್ಲಿ ಸಿಗುವುದು ಕೆಲವೇ ದಿನ. ಅಷ್ಟರಲ್ಲಿ ವಕೀಲರು ಕೋರ್ಟಿಗೆ ಹೋಗಿ ಈ ಕಾಗದ ರದ್ದು ಮಾಡಿ ಅಂತ ಅರ್ಜಿ ಹಾಕಬಹುದು. ಅದಕ್ಕೆ ಮೋಷನ್ ಟು ಕ್ವಾಶ್ ಅನ್ನುತ್ತಾರೆ. ನಿಮ್ಮ ಹೆಸರು ಬಯಲಾಗದಂತೆ ಜಾನ್ ಡೋ ಅನ್ನುವ ಹೆಸರಿನಲ್ಲಿ ಹಾಕಲು ಅನುಮತಿ ಕೇಳುವ ದಾರಿಯೂ ಇದೆ. ಎಸಿಎಲ್‌ಯು, ಎಲೆಕ್ಟ್ರಾನಿಕ್ ಫ್ರಾಂಟಿಯರ್ ಫೌಂಡೇಶನ್ ಅನ್ನುವ ಅಮೆರಿಕದ ಹಕ್ಕುಗಳ ಸಂಸ್ಥೆಗಳು ಇಂಥ ಕೇಸುಗಳನ್ನು ನಡೆಸಿವೆ, ಅವರಿಗೆ ಬರೆದು ನೋಡಿ.

ಹೆದರಿ ಪೋಸ್ಟ್‌ಗಳನ್ನು ಅಳಿಸಲು ಶುರು ಮಾಡಬೇಡಿ. ಅಳಿಸುವುದೆಲ್ಲ ಮೇಲ್ ಬರುವ ಮುಂಚಿನ ಕೆಲಸ. ಬಂದ ಮೇಲೆ ಅಳಿಸಿದರೆ ಸಾಕ್ಷಿ ನಾಶ ಅನ್ನುವ ಹೊಸ ತಲೆನೋವು. ಮೊದಲು ವಕೀಲರನ್ನು ಕೇಳಿ. ಕಾಲೇಜಿನ ವಿದೇಶಿ ವಿದ್ಯಾರ್ಥಿಗಳ ಆಫೀಸಿನವರು ಒಳ್ಳೆಯವರೇ ಇರಬಹುದು, ಆದರೆ ವೀಸಾ ವಿವರಗಳನ್ನು ಸರ್ಕಾರಕ್ಕೆ ವರದಿ ಮಾಡುವುದು ಅವರ ಡ್ಯೂಟಿ. ವಕೀಲರಿಗೆ ಹೇಳಿದ್ದು ಗುಟ್ಟಾಗಿ ಉಳಿಯುತ್ತದೆ, ಆ ಆಫೀಸಿನವರಿಗೆ ಹೇಳಿದ್ದಕ್ಕೆ ಆ ಖಾತ್ರಿ ಇಲ್ಲ.

ಅಮೆರಿಕದ ಏರ್‌ಪೋರ್ಟಿನಲ್ಲಿ ಫೋನ್ ತೆಗೆದು ನೋಡುವುದಕ್ಕೆ ಈ ಕಾಗದವೇ ಬೇಕಿಲ್ಲ, ಅದು ಬೇರೆ ಅಧಿಕಾರ. ಕೊಡುವುದಿಲ್ಲ ಅಂದರೆ ವೀಸಾದ ಮೇಲೆ ಹೋದವರನ್ನು ವಾಪಸ್ ಕಳಿಸಲೂಬಹುದು. ಹಾಗಾಗಿ ಬೇಡದ್ದನ್ನು ಫೋನಿನಲ್ಲಿ ಒಯ್ಯಬೇಡಿ.

ಮನೆಯವರಿಗೂ ಹೇಳುವುದಿದೆ. ಹುಡುಗನಿಗೆ ಅಮೆರಿಕದಲ್ಲಿ ಸೀಟು ಸಿಕ್ಕಿತು ಅಂದರೆ ನಮ್ಮಲ್ಲಿ ಸರ್ಕಲ್‌ನಲ್ಲಿ ಫ್ಲೆಕ್ಸ್ ಬೀಳುತ್ತದೆ. ಫೋಟೋ, ಯೂನಿವರ್ಸಿಟಿ ಹೆಸರು, ಊರು, ಕೆಳಗೆ ಶುಭ ಕೋರುವ ಇಪ್ಪತ್ತು ಜನರ ಮುಖ. ಅದರ ಫೋಟೋ ಫೇಸ್‌ಬುಕ್‌ಗೆ, ಹುಡುಗನಿಗೆ ಟ್ಯಾಗ್. ವಿದ್ಯಾರ್ಥಿ ವೀಸಾಕ್ಕೆ ಕಾಲೇಜು ಕೊಡುವ ಐ-20 ಪತ್ರವನ್ನೂ ಬೀಗರ ವಾಟ್ಸ್ಆ್ಯಪ್ ಗ್ರೂಪಿಗೆ ಹಾಕಿದ ಅಪ್ಪಂದಿರಿದ್ದಾರೆ. ಇದನ್ನು ತಿಳಿಯಲು ಯಾವ ಸಪೀನಾ ಬೇಕು ಹೇಳಿ? ಫ್ಲೆಕ್ಸ್ ಹಾಕಿ, ಖುಷಿಯ ವಿಷಯವೇ. ಟ್ಯಾಗ್ ಮಾಡಬೇಡಿ, ಪಾಸ್‌ಪೋರ್ಟ್ ಹಂಚಬೇಡಿ.

ನಾನೂ ತಪ್ಪಿತಸ್ಥನೇ. ಅಕ್ಕನ ಮಗಳು ತರಿಸಿದ ಆ ಫೈಲಿನಲ್ಲಿ ರಿಕವರಿ ನಂಬರ್ ಅಂತ ಇದ್ದದ್ದು ನಮ್ಮ ಅಂಗಡಿಯ ನಂಬರ್. ಅವಳು ಹೈಸ್ಕೂಲಿನಲ್ಲಿದ್ದಾಗ ಅಕೌಂಟ್ ತೆರೆದುಕೊಟ್ಟವನು ನಾನೇ, ಓಟಿಪಿಗೆ ನನ್ನ ಫೋನ್ ಕೊಟ್ಟಿದ್ದೆ. ಅವಳದನ್ನು ಬದಲಿಸಿಯಾಯಿತು. ಆಗ ಎಷ್ಟು ಹುಡುಗರಿಗೆ ಹೀಗೆ ಮಾಡಿಕೊಟ್ಟೆನೋ ಲೆಕ್ಕ ಇಟ್ಟಿಲ್ಲ. ನಿಮ್ಮ ಮನೆಯಲ್ಲಿ ಅಂಥವರಿದ್ದರೆ ಹೊಸ ನಂಬರ್ ಹಾಕಿ, ಓಟಿಪಿ ಬೇಕಾದರೆ ಸಂಜೆ ಏಳರ ಮೇಲೆ ಅಂಗಡಿಗೆ ಬನ್ನಿ ಅಥವಾ ಮಕ್ಕಳಿಂದ ಫೋನ್ ಮಾಡಿಸಿ. ಇದಕ್ಕೆ ದುಡ್ಡು ತೆಗೆದುಕೊಳ್ಳುವುದಿಲ್ಲ.