ರಾಗಿ ಹೊಲದ ಕಳೆ: ಕೈಯಲ್ಲೇ ಕೀಳುವುದು ಹೇಗೆ?

ಅರ್ಧ ಎಕರೆ, ಒಂದು ಎಕರೆ ರಾಗಿ ಇಟ್ಟವರಿಗೆ ಕಳೆನಾಶಕ ಬೇಕೇ ಬೇಕು ಅಂತೇನಿಲ್ಲ. ಸರಿಯಾದ ಹೊತ್ತಿಗೆ ಮನೆಯವರೇ ಹೊಲಕ್ಕೆ ಇಳಿದರೆ ಕೈಯಲ್ಲೇ ಆಗುವ ಕೆಲಸ. ಆದರೆ ಹೆಚ್ಚಿನವರು ಹೊಲವೆಲ್ಲ ಕಳೆ ಮುಚ್ಚಿದ ಮೇಲೆ ಕುಡುಗೋಲು ಹುಡುಕುತ್ತಾರೆ. ಆಗ ಎಷ್ಟು ಆಳು ಬಂದರೂ ಸಾಲದು.

ಕೆಲಸ ಶುರುವಾಗುವುದು ಬಿತ್ತನೆಗೂ ಮುಂಚೆ. ಮುಂಗಾರಿನ ಮೊದಲ ಮಳೆಗೆ ಕಳೆ ಮೊಳೆಯಲಿ, ಬಿಡಿ. ಅದು ಎಳೆಯದಾಗಿರುವಾಗಲೇ ಕುಂಟೆ (ಎತ್ತು ಎಳೆಯುವ, ಮೇಲ್ಮಣ್ಣು ಕೆದಕುವ ಸಲಕರಣೆ) ಹೊಡೆಸಿ, ಆಮೇಲೆ ಬಿತ್ತಿ. ಅರೆಬರೆ ಕಳಿತ ತಿಪ್ಪೆಗೊಬ್ಬರ ಮಾತ್ರ ಹಾಕಬೇಡಿ. ದನ ತಿಂದ ಹುಲ್ಲಿನ ಬೀಜ ಅದರಲ್ಲಿ ಇನ್ನೂ ಜೀವ ಹಿಡಿದಿರುತ್ತದೆ.

ರಾಗಿ ಎರಚುವುದು ಬೇಡ, ಸಾಲು ಹಿಡಿದು ಬಿತ್ತಿ. ಸಾಲಿಂದ ಸಾಲಿಗೆ 30 ಸೆಂ.ಮೀ., ಅಂದರೆ ಹೆಚ್ಚುಕಡಿಮೆ ಒಂದು ಅಡಿ ಇರಲಿ. ಎಳೆ ಕಾಡುರಾಗಿ ನೋಡೋಕೆ ರಾಗಿ ಪೈರಿನ ಹಾಗೇ ಇರುತ್ತದೆ, ಹೊಸಬರು ಪೈರನ್ನೇ ಕಿತ್ತು ಕಳೆ ಉಳಿಸುವುದೂ ಉಂಟು. ಸಾಲಿದ್ದರೆ ನಡುವೆ ಬಂದದ್ದೆಲ್ಲ ಕಳೆ. ಸಾಲಿನೊಳಗೆ ಅನುಮಾನ ಬಂದರೆ ಬುಡ ನೋಡಿ. ಕಾಡುರಾಗಿಯ ಬುಡ ಚಪ್ಪಟೆ, ಬೆಳ್ಳಗೆ, ನೆಲಕ್ಕೆ ಒರಗಿಕೊಂಡಂತೆ ಇರುತ್ತದೆ.

ಬಿತ್ತಿದ 20–25 ದಿನಕ್ಕೆ ಮೊದಲ ಸಲ ಕಳೆ ಕೀಳಿ. ಕಳೆ ಜಾಸ್ತಿ ಕಾಣದಿದ್ದರೂ ಇಳಿಯಿರಿ. ಮೊದಲು ಸಾಲುಗಳ ನಡುವೆ ಎಡೆಕುಂಟೆ, ಅಂದರೆ ಸಾಲಿನ ನಡುವೆ ಹಿಡಿಸುವ ಕಿರಿದಾದ ಕುಂಟೆ ಹಾಯಿಸಿ. ಆಮೇಲೆ ಸಾಲಿನೊಳಗಿನದನ್ನು ಕೂತು ಕೀಳಿ. ಒತ್ತಾಗಿ ಬಂದ ಪೈರನ್ನೂ ಆಗಲೇ ತೆಳು ಮಾಡಿ, ಗಿಡದಿಂದ ಗಿಡಕ್ಕೆ 10 ಸೆಂ.ಮೀ. ಬಿಡಿ. ಎರಡನೇ ಸಲ ಇನ್ನೆರಡು ವಾರಕ್ಕೆ. ಅಲ್ಲಿಂದಾಚೆ ರಾಗಿ ತೆಂಡೆ (ಬುಡದಿಂದ ಬರುವ ಮರಿ) ಒಡೆದು ತಾನೇ ನೆರಳು ಕೊಡುತ್ತದೆ, ಕಳೆ ಮೇಲೇಳುವುದಿಲ್ಲ.

ದಿನ ಆರಿಸುವುದೂ ಮುಖ್ಯ. ಮಳೆ ನಿಂತು, ಮಣ್ಣು ಕೈಗೆ ಅಂಟದೆ ಉದುರುವಂತಿರಬೇಕು. ಬೆಳಿಗ್ಗೆಯೇ ಕಿತ್ತು ಬೇರು ಮೇಲಾಗಿ ಹಾಕಿ, ಮಧ್ಯಾಹ್ನದ ಬಿಸಿಲು ಉಳಿದ ಕೆಲಸ ಮಾಡುತ್ತದೆ. ಜಿಟಿಜಿಟಿ ಮಳೆಯಲ್ಲಿ ಕಿತ್ತರೆ ಸುಮ್ನೆ ಶ್ರಮ, ಬಿದ್ದಲ್ಲೇ ಮತ್ತೆ ಬೇರು ಬಿಡುತ್ತದೆ. ಗೋಣಿಸೊಪ್ಪು, ಕನ್ನೆಸೊಪ್ಪು ಇದರಲ್ಲಿ ಭಾರೀ ಗಟ್ಟಿ, ಅವನ್ನು ಹೊಲದಲ್ಲಿ ಬಿಡಲೇಬೇಡಿ. ಎಳೆ ಗೋಣಿಸೊಪ್ಪು, ಅಣ್ಣೆಸೊಪ್ಪು ಸಿಕ್ಕರೆ ಬೆರಕೆ ಸೊಪ್ಪಿನ ಸಾರಿಗೆ ಆಯಿತಲ್ವಾ!

ಕೊನ್ನಾರಿ ಗಡ್ಡೆ, ಗರಿಕೆ ಇವೆರಡರ ದಾರಿಯೇ ಬೇರೆ. ಕೊನ್ನಾರಿಯ ಎಲೆ ಹಿಡಿದು ಎಳೆದರೆ ಎಲೆ ಮಾತ್ರ ಕೈಗೆ ಬರುತ್ತದೆ, ನೆಲದೊಳಗೆ ಸರಪಳಿಯಂತೆ ಕೂತ ಗಡ್ಡೆ ಮತ್ತೆ ಚಿಗುರುತ್ತದೆ. ಗರಿಕೆಯನ್ನು ಗುದ್ದಲಿಯಿಂದ ಕಡಿದರೆ ತುಂಡು ತುಂಡೂ ಹೊಸ ಗಿಡವಾಗುತ್ತದೆ. ಪೈರಿರುವಾಗ ಇವನ್ನು ಪೂರ್ತಿ ತೆಗೆಯಲು ಹೋಗಬೇಡಿ, ರಾಗಿಯ ಬೇರೂ ಕದಲುತ್ತದೆ. ಕೊನ್ನಾರಿ ಚಿಗುರಿದಾಗಲೆಲ್ಲ ಸವರುತ್ತಿರಿ, ಗಡ್ಡೆ ಸೊರಗುತ್ತದೆ. ಕೊಯ್ಲಾದ ಮೇಲೆ ಆಳವಾಗಿ ಉತ್ತು, ಗಡ್ಡೆ ಬೇರುಗಳನ್ನು ಬೇಸಿಗೆಯ ಬಿಸಿಲಿಗೆ ಒಣಗಿಸಿ, ಆರಿಸಿ ಹೊರಗೆ ಹಾಕಿ.

ಬದುವಿನ ಪಾರ್ಥೇನಿಯಂ ಮರೆಯಬೇಡಿ. ಒಂದೇ ಗಿಡ ಸಾವಿರಾರು ಬೀಜ ಉದುರಿಸುತ್ತದೆ. ಹೂ ಬಿಡುವ ಮೊದಲೇ ಬೇರುಸಹಿತ ಕೀಳಿ. ಬರಿಗೈಯಲ್ಲಿ ಮುಟ್ಟಿದರೆ ಕೆಲವರಿಗೆ ಚರ್ಮ ಕೆರೆತ ಬರುತ್ತದೆ, ಆದ್ದರಿಂದ ಕೈಗವಸು ಹಾಕಿಕೊಳ್ಳಿ, ತುಂಬುತೋಳಿನ ಅಂಗಿ ತೊಡಿ.