ಬಟ್ಟಲು ಮೂಸಿ ಎದ್ದುಹೋಗುವ ಬೆಕ್ಕು, ನಾಯಿಗೆ ಊಟ ಒಗ್ಗಿಸುವುದು ಹೇಗೆ?

ಜುಲೈ-ಆಗಸ್ಟ್ ಹೊತ್ತಿನ ಕಕ್ಕಡ ತಿಂಗಳ ಮಳೆ ಹಿಡಿಯಿತೆಂದರೆ ಕೊಡಗಿನ ಮನೆಗಳಲ್ಲಿ ಒಂದೇ ದೂರು: ನಿನ್ನೆ ತಟ್ಟೆ ನೆಕ್ಕಿದ ಬೆಕ್ಕು ಇವತ್ತು ಮೂಸಿ ಹೊರಟಿತು. ಸೊಕ್ಕು ಎಂದು ಬೈಯುವ ಮುಂಚೆ ಆಹಾರದ ಡಬ್ಬಿ ತೆಗೆದು ನೀವೇ ಮೂಸಿ. ತೇವಕ್ಕೆ ಒಣ ಆಹಾರದ ಕಾಳುಗಳು ಮೆತ್ತಗಾಗಿ, ಅವುಗಳ ಕೊಬ್ಬು ಕಮಟು ಹಿಡಿದಿರುತ್ತದೆ. ಮಳೆಗಾಲದಲ್ಲಿ 10 ಕೆ.ಜಿ. ಚೀಲವೂ ಬೇಡ, ಬಿಚ್ಚಿಟ್ಟು ತೂಗಿಕೊಡುವ ಬಿಡಿ ಮಾಲಂತೂ ಬೇಡವೇ ಬೇಡ.

1. ಬಾಯಿ ನೋಡಿ. ಜೊಲ್ಲು, ಕೆಂಪು ವಸಡು, ಒಂದೇ ಪಕ್ಕದಲ್ಲಿ ಅಗಿಯುವುದು ಕಂಡರೆ ಪಶುವೈದ್ಯರ ಬಳಿ ಹೋಗಿ.

2. ಬೆಚ್ಚಗೆ ಕೊಡಿ. ನಮ್ಮ ನಾಲಿಗೆಯಲ್ಲಿ ಸುಮಾರು 9,000 ರುಚಿಮೊಗ್ಗುಗಳಿದ್ದರೆ ನಾಯಿಗೆ 1,700, ಬೆಕ್ಕಿಗೆ 500ರೊಳಗೆ. ಊಟ ಒಪ್ಪುವುದು ಮೊದಲು ಮೂಗು. ಫ್ರಿಜ್ಜಿನಿಂದ ತೆಗೆದ ಮೀನಿಗೆ ವಾಸನೆಯೇ ಏಳುವುದಿಲ್ಲ. ಬಿಸಿನೀರಿನ ಪಾತ್ರೆಯಲ್ಲಿ ಬಟ್ಟಲನ್ನು ಐದು ನಿಮಿಷ ಇಟ್ಟರೆ ಸಾಕು, ಬೆರಳಿಗೆ ಉಗುರುಬೆಚ್ಚಗಿರಬೇಕು. ಇನ್ನು, ಸಿಹಿಯ ರುಚಿ ಬೆಕ್ಕಿಗೆ ಗೊತ್ತೇ ಆಗುವುದಿಲ್ಲ, ಆ ಜೀನ್ ಅದರಲ್ಲಿ ಕೆಟ್ಟುನಿಂತಿದೆ. ಪಾಯಸಕ್ಕೆ ನಾಯಿ ಬಾಲ ಅಲ್ಲಾಡಿಸುತ್ತದೆ, ಬೆಕ್ಕು ತಿರುಗಿಯೂ ನೋಡುವುದಿಲ್ಲ. ಪಂದಿ ಕರಿಯ (ಹಂದಿ ಮಾಂಸದ ಸಾರು) ಗ್ರೇವಿ ಇಬ್ಬರಿಗೂ ಬೇಡ. ಅದರ ಈರುಳ್ಳಿ, ಬೆಳ್ಳುಳ್ಳಿ ಕೆಂಪು ರಕ್ತಕಣಗಳನ್ನು ಒಡೆಯುತ್ತವೆ.

3. ಹೊಸ ಆಹಾರಕ್ಕೆ ಬದಲಿಸುವುದು. ಎಲ್ಲರೂ ಎಡವುವುದು ಇಲ್ಲೇ. ನಾಯಿಗೆ ಮೊದಲ ಎರಡು ದಿನ ಹಳೆಯದು ಮುಕ್ಕಾಲು, ಹೊಸದು ಕಾಲು. ಮುಂದಿನ ಎರಡು ದಿನ ಅರ್ಧರ್ಧ. ಆಮೇಲೆ ಎರಡು ದಿನ ಹೊಸದು ಮುಕ್ಕಾಲು. ಏಳನೇ ದಿನ ಪೂರ್ತಿ ಹೊಸದು. ಭೇದಿಯಾದರೆ ಒಂದು ಮೆಟ್ಟಿಲು ಹಿಂದೆ ಬಂದು ಮೂರು ದಿನ ಅಲ್ಲೇ ನಿಲ್ಲಿ.

ಬೆಕ್ಕಿಗೆ ಈ ಲೆಕ್ಕ ಸಾಲದು, ಎರಡು ಮೂರು ವಾರ ಬೇಕು. ಮೊದಲ ದಿನವೇ ಕಲಸಿದರೆ ಅದು ಹಳೆಯದನ್ನೂ ಬಿಡುತ್ತದೆ. ಹೊಸದನ್ನು ಒಂದು ಚಮಚದಷ್ಟು ಬೇರೆ ತಟ್ಟೆಯಲ್ಲಿ ಪಕ್ಕಕ್ಕಿಡಿ. ತಿನ್ನದಿದ್ದರೂ ಸರಿ, ವಾಸನೆ ಪರಿಚಯವಾಗಲಿ. ನಾಲ್ಕೈದು ದಿನದ ಮೇಲೆ ಹಳೆಯದಕ್ಕೆ ಚಿಟಿಕೆ ಚಿಟಿಕೆಯಾಗಿ ಸೇರಿಸಿ.

‘ಹಸಿದರೆ ತಾನೇ ತಿನ್ನುತ್ತದೆ’ ಎಂಬ ಮಾತು ಆರೋಗ್ಯವಂತ ದೊಡ್ಡ ನಾಯಿಗೆ ಒಂದು ಹೊತ್ತಿನ ಮಟ್ಟಿಗೆ ಸರಿ. ಬೆಕ್ಕು 24 ಗಂಟೆ ಏನೂ ತಿನ್ನದಿದ್ದರೆ ವೈದ್ಯರಿಗೆ ಫೋನ್ ಮಾಡಿ. ಎರಡು ಮೂರು ದಿನ ಉಪವಾಸ ಬಿದ್ದರೆ, ಅದರಲ್ಲೂ ದಪ್ಪ ಬೆಕ್ಕಿಗೆ, ಕೊಬ್ಬೆಲ್ಲ ಯಕೃತ್ತಿನಲ್ಲಿ ತುಂಬಿ ಜೀವಕ್ಕೇ ಬರುತ್ತದೆ.

4. ಮಾತ್ರೆ. ದಿನದ ಊಟದಲ್ಲಿ ಪುಡಿಮಾಡಿ ಕಲಸಬೇಡಿ. ಕಹಿ ಒಮ್ಮೆ ತಿಳಿದರೆ ಆ ಊಟದ ವಾಸನೆಗೇ ತಿಂಗಳುಗಟ್ಟಲೆ ಮುಖ ತಿರುಗಿಸುತ್ತವೆ. ನಾಯಿಗಾದರೆ ಕಡಂಬುಟ್ಟು (ಅಕ್ಕಿತರಿಯ ಉಂಡೆ ಕಡುಬು) ಹಿಸುಕಿ ಗೋಲಿ ಗಾತ್ರದ ಮೂರು ಉಂಡೆ ಮಾಡಿ. ಮೊದಲನೆಯದು ಖಾಲಿ, ಎರಡನೆಯದರಲ್ಲಿ ಮಾತ್ರೆ. ಮೂರನೆಯದನ್ನು ಕೈಯಲ್ಲಿ ಕಾಣುವಂತೆ ಹಿಡಿದರೆ ಎರಡನೆಯದು ಅಗಿಯದೆ ಇಳಿಯುತ್ತದೆ. ಬೆಕ್ಕಿನ ಮುಂದೆ ಈ ಆಟ ನಡೆಯದು. ಮಾತ್ರೆ ನೇರ ನಾಲಿಗೆಯ ಬುಡಕ್ಕೆ, ಹಿಂದೆಯೇ ಸೂಜಿಯಿಲ್ಲದ ಸಿರಿಂಜಿನಲ್ಲಿ 5 ಮಿ.ಲೀ. ನೀರು ಕೆನ್ನೆಯ ಪಕ್ಕದಿಂದ ನಿಧಾನಕ್ಕೆ. ನೀರು ಕೊಡದಿದ್ದರೆ ಮಾತ್ರೆ ಅನ್ನನಾಳದಲ್ಲೇ ಅಂಟಿ ಹುಣ್ಣು ಮಾಡಬಹುದು, ಆಮೇಲೆ ನುಂಗಲು ನೋವಾಗಿ ಬೆಕ್ಕು ಮತ್ತೆ ಊಟ ಬಿಡುತ್ತದೆ.