ಖಾಲಿ ಬಿದ್ದ ಮೂರು ತಿಂಗಳು

ಬಾಡಿಗೆಗೆ ಕೊಡೋಣ ಅಂತ ಮೊದಲ ಮನೆ ಕೊಳ್ಳಲು ಹೊರಟವರು ನನ್ನನ್ನು ಕೇಳುವುದು ಸಾಮಾನ್ಯವಾಗಿ ಒಂದೇ: "ರೇಟ್ ಎಷ್ಟು ಏರಬಹುದು?" ನಾನೂ ಅದನ್ನೇ ಕೇಳುತ್ತಾ ಓಡಾಡಿದವನು. ಖಚಿತವಾಗಿ ಹೇಳಿದವರೆಲ್ಲ ಮನೆ ಮಾರುವವರೇ ಆಗಿದ್ದರು.

ನನ್ನ ಲೆಕ್ಕ ಒಂದು ಚೀಟಿಯಲ್ಲಿ ಮುಗಿದಿತ್ತು. ಮನೆಗೆ 100 ಅಂತಿಟ್ಟುಕೊಳ್ಳಿ, ವರ್ಷದ ಬಾಡಿಗೆ 6. ಸರಿ, ಆರು ಪರ್ಸೆಂಟ್! ಒಂದು ತಿಂಗಳು ಖಾಲಿ ಇದ್ದರೆ ಆ 6ರಲ್ಲಿ 0.5 ಹೋಗುತ್ತದೆ ಅನ್ನೋದು ತಲೆಗೆ ಬಂದಿರಲಿಲ್ಲ. ತೆರಿಗೆ, ವಿಮೆ, ಸಣ್ಣಪುಟ್ಟ ರಿಪೇರಿ ಸೇರಿ ಇನ್ನೊಂದೂವರೆ ಹೋಯಿತು. ಕೈಗೆ ಉಳಿದದ್ದು 4. ನೋಂದಣಿ, ಕಮಿಷನ್, ವಕೀಲರ ಫೀಸು ಎಲ್ಲ ಕೂಡಿಸಿದರೆ ನಾನು ಹಾಕಿದ್ದೂ 100 ಅಲ್ಲ, 108.

"ಸಾಲ ಮಾಡಿ ಕೊಳ್ಳಬಹುದಾ?" ಇದು ಎರಡನೇ ಪ್ರಶ್ನೆ. ಕೊಳ್ಳಬಹುದು, ಆದರೆ ಮೊದಲು ಈ ಲೆಕ್ಕ ಮಾಡಿ. ನಾನು ಅರ್ಧಕ್ಕೆ ಸಾಲ ತೆಗೆದಿದ್ದೆ, ಬಡ್ಡಿ ಶೇಕಡಾ 9. ಅಂದರೆ 50ಕ್ಕೆ ವರ್ಷಕ್ಕೆ ನಾಲ್ಕೂವರೆ. ಮನೆ ಕೊಡುತ್ತಿದ್ದದ್ದು 4. ಬಡ್ಡಿಗೇ ಸಾಲದು, ಇನ್ನು ಅಸಲಿನ ಮಾತೆಲ್ಲಿ? ಇದೇ ದರದಲ್ಲಿ 20 ವರ್ಷಕ್ಕೆ 1000 ಸಾಲ ತೆಗೆದರೆ ತಿಂಗಳ ಕಂತು ಸುಮಾರು 9. ಮೊದಲ ಕಂತಿನಲ್ಲಿ ಏಳೂವರೆ ಬಡ್ಡಿಗೇ ಹೋಗುತ್ತದೆ, ಒಂದೂವರೆ ಮಾತ್ರ ಅಸಲಿಗೆ. ಕೊನೆಗೆ ಕಟ್ಟಿದ್ದು 2160ರ ಹತ್ತಿರ.

ಆದರೂ ನನ್ನನ್ನು ನಿಜಕ್ಕೂ ಸುಸ್ತು ಮಾಡಿದ್ದು ಬಡ್ಡಿ ಅಲ್ಲ, ಗೋಡೆ.

ಮನೆ ನೋಡಿದ್ದು ಒಂದೇ ಸಲ, ಬೆಳಗ್ಗೆ, ಒಳ್ಳೆ ಬಿಸಿಲಲ್ಲಿ. ಮಲಗುವ ಕೋಣೆಯ ಒಂದೇ ಗೋಡೆಗೆ ಹೊಸ ಬಣ್ಣ ಹೊಡೆದಿದ್ದರು, ವಾಸನೆ ಇನ್ನೂ ಹೋಗಿರಲಿಲ್ಲ. ಉಳಿದ ಮೂರಕ್ಕೂ ಹಳೇ ಬಣ್ಣವೇ. "ಇದೊಂದಕ್ಕೆ ಯಾಕೆ?" ಅಂತ ಕೇಳಬೇಕು ಅನ್ನಿಸಿತು. ಎಲ್ಲಿ ಬೇಜಾರು ಮಾಡಿಕೊಳ್ಳುತ್ತಾರೋ ಅಂತ ಸುಮ್ನಾದೆ. (ಅವರ ಬೇಜಾರು ಕಟ್ಟಿಕೊಂಡು ನನಗೇನಾಗಬೇಕಿತ್ತು ಅಂತ ಈಗ ಅನ್ನಿಸುತ್ತದೆ.) ಮೊದಲ ಮಳೆಗೆ ಆ ಬಣ್ಣ ಗುಳ್ಳೆ ಎದ್ದಿತು. ಬೆರಳಲ್ಲಿ ಒತ್ತಿದರೆ ಗಾರೆ ಒದ್ದೆ ಪುಡಿಯಾಗಿ ಉದುರಿತು. ತಾರಸಿಯಿಂದ ಮಳೆನೀರು ಇಳಿಯುವ ಪೈಪು ಗೋಡೆಯೊಳಗೇ ಒಡೆದಿತ್ತು. ಬಾಡಿಗೆಗಿದ್ದವರು ಖಾಲಿ ಮಾಡಿದರು. ರಿಪೇರಿ ಮುಗಿದು, ಗೋಡೆ ಒಣಗಿ, ಬೇರೆಯವರು ಬರುವಷ್ಟರಲ್ಲಿ ಮೂರು ತಿಂಗಳು. ಬಾಡಿಗೆ ನಿಂತರೂ ಕಂತು ನಿಲ್ಲಲ್ವಲ್ಲ, ಸಂಬಳದಿಂದ ಕಟ್ಟಿದೆ.

ಎರಡನೇ ಮನೆಗೆ ಮೂರು ಸಲ ಹೋದೆ. ಒಮ್ಮೆ ಮಳೆಯಲ್ಲಿ, ಒಮ್ಮೆ ರಾತ್ರಿ. ನಲ್ಲಿ ಎಲ್ಲ ಒಟ್ಟಿಗೆ ತಿರುಗಿಸಿ ನೀರಿನ ರಭಸ ನೋಡಿದೆ, ಬೀರು ಸರಿಸಿ ಹಿಂದಿನ ಗೋಡೆ ಮುಟ್ಟಿದೆ. ಪಕ್ಕದ ಮನೆಯವರನ್ನು ಮಾತಾಡಿಸಿದೆ, ಮಾರುವವರು ಹೇಳದ್ದು ಜಾಸ್ತಿ ಸಿಕ್ಕಿದ್ದು ಅಲ್ಲೇ. ಕಾಗದಪತ್ರ ನೋಡಲು ನನ್ನದೇ ವಕೀಲರನ್ನು ಇಟ್ಟುಕೊಂಡೆ. ಮಾರುವವರು "ನಮ್ಮ ವಕೀಲರೇ ಇದ್ದಾರಲ್ಲ" ಅಂದಾಗ ನಕ್ಕು ಬೇಡ ಅಂದೆ. ಮುಂಗಡ ಕೊಡುವ ಮೊದಲೇ ಆರು ತಿಂಗಳ ಕಂತಿನಷ್ಟು ದುಡ್ಡು ಬೇರೆ ಖಾತೆಗೆ ಹಾಕಿಟ್ಟೆ.

ಆ ಮನೆ ಮೊದಲ ವರ್ಷವೇ ಎರಡು ತಿಂಗಳು ಖಾಲಿ ಇತ್ತು. ಕಂತು ಆ ಖಾತೆಯಿಂದಲೇ ಹೋಯಿತು.